ಚೆಂಡಿಗೆ ಕೈ ಹಚ್ಚುವ ಮೊದಲು: ಹೊಸಬರಿಗೆ ಗಾಲ್ಫ್ ನಿಯಮಗಳ ಸಮಗ್ರ ಮಾರ್ಗದರ್ಶಿ

ಚೆಂಡು ಪೊದೆ ಹೊಕ್ಕಿದೆ, ಇಲ್ಲವೇ ಕಲ್ಲಿಗೆ ಆನಿಕೊಂಡು ನಿಂತಿದೆ, ಇಲ್ಲವೇ ಮೈತುಂಬ ಕೆಸರು ಮೆತ್ತಿಕೊಂಡಿದೆ. ಕ್ರಿಕೆಟ್ ಆಡಿ ಬೆಳೆದ ಕೈ ತಾನಾಗಿಯೇ ಬಾಗಿ ಅದನ್ನು ಎತ್ತಿಕೊಳ್ಳುತ್ತದೆ. ಗಾಲ್ಫ್‌ನಲ್ಲಿ ಅಷ್ಟಕ್ಕೇ ಒಂದು ಹೊಡೆತದ ದಂಡ ಬೀಳಬಹುದು. ಹೊಸಬರು ತಪ್ಪಿಸಿಕೊಳ್ಳಬಹುದಾದ ದಂಡಗಳಲ್ಲಿ ಹೆಚ್ಚಿನವು ಹೀಗೆ ಅವಸರಪಟ್ಟು ಕೈ ಹಚ್ಚಿದ್ದರಿಂದ ಬರುವಂಥವು. ಹಾಗಾಗಿ ಈ ಬರಹದಲ್ಲಿ ಎಲ್ಲ ನಿಯಮವನ್ನೂ ಒಂದು ಪ್ರಶ್ನೆಗೆ ಕಟ್ಟಿ ಹೇಳಿದ್ದೇವೆ: ಚೆಂಡು ಎಲ್ಲಿ ಬಿದ್ದಿದೆ? ಅದನ್ನು ಮೊದಲು ನಿಶ್ಚಯ ಮಾಡಿಕೊಂಡರೆ ಮುಂದೆ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದು ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಓದಿಗೋ ನೌಕರಿಗೋ ಬೆಂಗಳೂರು, ಹೈದರಾಬಾದ್ ಸೇರಿದವರು ಅಲ್ಲಿಯ ಗೆಳೆಯರ ಜೊತೆ ಮೊದಲ ಸಲ ಗಾಲ್ಫ್ ಮೈದಾನಕ್ಕೆ ಇಳಿಯುತ್ತಾರೆ. ಬೀದರಿನವರಿಗಂತೂ ಬೆಂಗಳೂರಿಗಿಂತ ಗೋಲ್ಕೊಂಡ ಕೋಟೆ ಮಗ್ಗುಲಿನ ಹೈದರಾಬಾದ್ ಗಾಲ್ಫ್ ಕ್ಲಬ್ಬೇ ಹತ್ತಿರ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದಾಗ ಟಿವಿ ಮುಂದೆ ಕೂತು ಮೊದಲ ಬಾರಿ ಈ ಆಟ ನೋಡಿದವರೂ ಇದ್ದಾರೆ. ಊರು ಯಾವುದಾದರೂ ನಿಯಮ ಒಂದೇ. ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಎಂಬ ಎರಡು ಸಂಸ್ಥೆಗಳು ಸೇರಿ ಅದನ್ನು ಬರೆಯುತ್ತವೆ. 2019ರಲ್ಲಿ ಪುಸ್ತಕ ಪೂರ್ತಿ ಬದಲಾಯಿತು, 2023ರಲ್ಲಿ ಮತ್ತೆ ಒಂದಿಷ್ಟು ತಿದ್ದುಪಡಿ ಆಯಿತು. ಅದಕ್ಕೂ ಮೊದಲು ಕಲಿತ ಹಿರಿಯರು "ಭುಜದ ಎತ್ತರದಿಂದ ಚೆಂಡು ಬಿಡಬೇಕು", "5 ನಿಮಿಷ ಹುಡುಕಬಹುದು" ಎಂದು ಹೇಳಿಕೊಡುವುದುಂಟು. ಅವೆರಡೂ ಈಗ ಚಾಲ್ತಿಯಲ್ಲಿಲ್ಲ.

ಕೆಳಗೆ ಹೇಳುವುದೆಲ್ಲ ಸ್ಟ್ರೋಕ್ ಪ್ಲೇಗೆ, ಅಂದರೆ ಒಟ್ಟು ಹೊಡೆತ ಎಣಿಸುವ ಆಟಕ್ಕೆ. ಆರಂಭದ ಜಾಗದಿಂದ ಬಾವುಟ ನೆಟ್ಟ ಕುಳಿಯವರೆಗಿನ ಒಂದು ಭಾಗಕ್ಕೆ ಹೋಲ್ ಎನ್ನುತ್ತಾರೆ. ಇಬ್ಬರು ಎದುರುಬದುರಾಗಿ ಹೋಲ್‌ಗೊಂದರಂತೆ ಗೆಲ್ಲುವ ಮ್ಯಾಚ್ ಪ್ಲೇಯಲ್ಲಿ, ಇಲ್ಲಿ 2 ಹೊಡೆತ ದಂಡ ಎಂದು ಬರೆದ ಕಡೆ ಸಾಮಾನ್ಯವಾಗಿ ಆ ಹೋಲನ್ನೇ ಸೋಲಬೇಕಾಗುತ್ತದೆ.

ಚೀಲದಲ್ಲಿ ಏನಿರಬೇಕು

ಚೆಂಡು ಹೊಡೆಯುವ ಕೋಲುಗಳು, ಅಂದರೆ ಕ್ಲಬ್‌ಗಳು, 14ಕ್ಕಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ, ಆ ತಪ್ಪು ನಡೆದ ಪ್ರತಿ ಹೋಲ್‌ಗೆ 2 ಹೊಡೆತದಂತೆ, ಒಂದು ಸುತ್ತಿಗೆ ಗರಿಷ್ಠ 4 ಹೊಡೆತ ದಂಡ. ಹೊಸಬರಿಗೆ 14 ಬೇಕಾಗುವುದೇ ಇಲ್ಲ. ಒಂದು ಡ್ರೈವರ್, ಒಂದು ಹೈಬ್ರಿಡ್, 7 ಮತ್ತು 9ನೇ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟ್ಟರ್, ಈ 7 ಇದ್ದರೆ ಒಂದು ವರ್ಷ ನಿಶ್ಚಿಂತೆಯಿಂದ ಆಡಬಹುದು. ಆದರೆ ಇಬ್ಬರು ಗೆಳೆಯರು ಸೇರಿ ಒಂದೇ ಸೆಟ್ ಕೊಂಡು ಸ್ಪರ್ಧೆಯಲ್ಲಿ ಹಂಚಿಕೊಂಡು ಆಡಲು ಬರುವುದಿಲ್ಲ. ಮೈದಾನದಲ್ಲಿ ಆಡುತ್ತಿರುವ ಇನ್ನೊಬ್ಬರ ಕ್ಲಬ್ ಇಸಿದುಕೊಂಡು ಹೊಡೆದರೂ ಅದೇ ದಂಡ. ಅಭ್ಯಾಸಕ್ಕೆ ಹಂಚಿಕೊಳ್ಳಿ, ಪಂದ್ಯಕ್ಕೆ ಮಾತ್ರ ನಿಮ್ಮ ಚೀಲ ನಿಮ್ಮದಾಗಿರಲಿ.

ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಅಂಗಡಿಯ ಚೆಂಡು ಈ ಲೆಕ್ಕಕ್ಕೆ ಸರಿಯಾಗಿಯೇ ಇರುತ್ತದೆ. ನೀವು ಮಾಡಬೇಕಾದ ಕೆಲಸ ಒಂದೇ: ಮನೆಯಲ್ಲೇ ಪರ್ಮನೆಂಟ್ ಮಾರ್ಕರ್ ಪೆನ್ನಿನಿಂದ ಪ್ರತಿ ಚೆಂಡಿನ ಮೇಲೆ ನಿಮ್ಮದೇ ಗುರುತು ಹಾಕಿ. ಎರಡು ಚುಕ್ಕೆ, ಹೆಸರಿನ ಮೊದಲ ಅಕ್ಷರ, ಏನಾದರೂ ಸರಿ. ಒಂದೇ ಕಂಪನಿಯ, ಒಂದೇ ನಂಬರಿನ ಚೆಂಡು ನಾಲ್ವರಲ್ಲಿ ಇಬ್ಬರ ಬಳಿ ಇರುವುದು ಅಪರೂಪವಲ್ಲ. ಬೇರೆಯವರ ಚೆಂಡು ಹೊಡೆದರೆ 2 ಹೊಡೆತ ದಂಡ, ಆ ಹೊಡೆತ ಲೆಕ್ಕಕ್ಕಿಲ್ಲ, ಹಿಂದೆ ಬಂದು ಸ್ವಂತ ಚೆಂಡನ್ನೇ ಆಡಬೇಕು. ಸರಿಪಡಿಸದೆ ಮುಂದಿನ ಹೋಲ್‌ನ ಟೀಯಿಂದ, ಅಂದರೆ ಆರಂಭದ ಜಾಗದಿಂದ, ಹೊಡೆದುಬಿಟ್ಟರೆ ಆಟದಿಂದಲೇ ಹೊರಗೆ.

ಇನ್ನು ಎರಡು ಸಣ್ಣ ವಸ್ತು: ನಾಲ್ಕೈದು ಮರದ ಟೀ (ಮೇಲೆ ಚೆಂಡು ಇಡಲು ನೆಲಕ್ಕೆ ಊರುವ ಕಡ್ಡಿ), ಒಂದು ರೂಪಾಯಿ ನಾಣ್ಯ. ಟೀ ಅಳತೆಯ ಗುರುತಿಗೂ ಆಗುತ್ತದೆ, ನಾಣ್ಯ ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಬೇಕಾಗುತ್ತದೆ.

ಅಳತೆ ಎಂದರೆ ಇಲ್ಲಿ ಕ್ಲಬ್ ಉದ್ದ. ಪಟ್ಟರ್ ಬಿಟ್ಟು ನಿಮ್ಮ ಚೀಲದಲ್ಲಿ ಅತಿ ಉದ್ದವಾದ ಕ್ಲಬ್ಬೇ ಅಳತೆಗೋಲು. ಅದು ಬಹುಮಟ್ಟಿಗೆ ಡ್ರೈವರ್, ಸುಮಾರು 45 ಇಂಚು. ನಮ್ಮ ಲೆಕ್ಕದಲ್ಲಿ ಎರಡೂವರೆ ಮೊಳ. ಎರಡು ಕ್ಲಬ್ ಉದ್ದ ಎಂದರೆ 5 ಮೊಳ, ಅಂದರೆ ಏಳೂವರೆ ಅಡಿ. ಇದನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಮುಂದಿನ ಅರ್ಧ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಮೈದಾನದ ಐದು ಭಾಗ

ನಿಯಮದ ಕಣ್ಣಿಗೆ ಮೈದಾನದಲ್ಲಿ ಐದೇ ಭಾಗ. ನೀವು ಆರಂಭಿಸುವ ಟೀಯಿಂಗ್ ಏರಿಯಾ, ಕೆಂಪು ಅಥವಾ ಹಳದಿ ಗೂಟ ಹಾಕಿದ ಪೆನಾಲ್ಟಿ ಏರಿಯಾ, ಮರಳಿನ ಬಂಕರ್, ಈಗ ಆಡುತ್ತಿರುವ ಹೋಲ್‌ನ ಗ್ರೀನ್. ಉಳಿದದ್ದೆಲ್ಲ ಜನರಲ್ ಏರಿಯಾ. ಹುಲ್ಲು ನುಣ್ಣಗೆ ಕತ್ತರಿಸಿದ ಫೇರ್‌ವೇ, ಹುಲ್ಲು ಬೆಳೆದ ರಫ್, ಮರದ ಬುಡ ಎಲ್ಲ ಅದರಲ್ಲೇ ಬಂದವು. ಬೇರೆ ಹೋಲ್‌ನ ಗ್ರೀನ್ ಕೂಡ ಅದರಲ್ಲೇ, ಆದರೆ ಅದರ ಮೇಲಿಂದ ಹೊಡೆಯಬಾರದು, ಉಚಿತವಾಗಿ ಪಕ್ಕಕ್ಕೆ ತಂದು ಆಡಬೇಕು. ಬಿಳಿ ಗೂಟದ ಆಚೆ ಇರುವುದು ಮೈದಾನವೇ ಅಲ್ಲ.

ಟೀ ಮೇಲಿನ ಮೊದಲ ಹೊಡೆತ

ಎರಡು ಗುರುತುಗಳ ನಡುವೆ, ಅವುಗಳ ಮುಂದಿನ ಅಂಚಿನಿಂದ ಹಿಂದಕ್ಕೆ ಎರಡು ಕ್ಲಬ್ ಉದ್ದದ ಆಯತ ನಿಮ್ಮದು. ಚೆಂಡಿನ ಒಂದು ಭಾಗವಾದರೂ ಅದರೊಳಗೆ ಇರಬೇಕು, ಕಾಲು ಹೊರಗಿದ್ದರೆ ಅಡ್ಡಿಯಿಲ್ಲ. ಒಂದಿಷ್ಟು ದೂರ ಉಳಿಯಲಿ ಎಂದು ಗುರುತಿಗಿಂತ ಒಂದು ಗೇಣು ಮುಂದೆ ಟೀ ಊರುವ ಆಸೆ ಬೇಡ. ಹಾಗೆ ಹೊಡೆದರೆ 2 ಹೊಡೆತ ದಂಡ, ಮೇಲಿಂದ ಸರಿಯಾದ ಜಾಗದಿಂದ ಮತ್ತೆ ಹೊಡೆಯಬೇಕು.

ಹೊಡೆಯುವ ಮೊದಲೇ ಕ್ಲಬ್ ತಾಗಿ ಚೆಂಡು ಟೀ ಮೇಲಿಂದ ಉರುಳಿದರೆ ದಂಡ ಇಲ್ಲ, ಮತ್ತೆ ಇಡಿ. ಹೊಡೆಯುವ ಉದ್ದೇಶದಿಂದಲೇ ಬೀಸಿ ಗಾಳಿಗೆ ಹೊಡೆದರೆ ಅದು ಒಂದು ಹೊಡೆತ, ಎಣಿಸಲೇಬೇಕು. ಹೊಸಬರಿಗೆ ಗೊತ್ತಿಲ್ಲದ ಸಂಗತಿ ಇದರ ಮುಂದಿದೆ. ಹಾಗೆ ತಪ್ಪಿದ ಚೆಂಡು ಟೀಯಿಂಗ್ ಏರಿಯಾದ ಒಳಗೇ ಉಳಿದಿದ್ದರೆ ಅದನ್ನು ಎತ್ತಿ ಮತ್ತೆ ಟೀ ಮೇಲೆ ಇಟ್ಟು ಎರಡನೇ ಹೊಡೆತ ಹೊಡೆಯಬಹುದು, ದಂಡವಿಲ್ಲ. ನೆಲದ ಮೇಲಿನ ಚೆಂಡಿಗೆ ಡ್ರೈವರ್ ಬೀಸಿ ಇನ್ನೊಂದು ಹೊಡೆತ ಹಾಳುಮಾಡಿಕೊಳ್ಳಬೇಡಿ.

"ಅಣ್ಣಾ, ಯಾವ ಐರನ್ ತಗೊಂಡ್ರಿ?" ಎಂದು ಎದುರಾಳಿಯನ್ನು ಕೇಳುವುದು ನಮ್ಮ ಕಡೆ ಸಹಜ ಮಾತು. ಪಂದ್ಯದಲ್ಲಿ ಅದಕ್ಕೆ 2 ಹೊಡೆತ ದಂಡ. ಇಲ್ಲಿಂದ ಬಾವುಟಕ್ಕೆ ಎಷ್ಟು ಗಜ, ಬಂಕರ್ ಎಲ್ಲಿದೆ ಎಂದು ಕೇಳಬಹುದು. ಹೇಗೆ ಹೊಡೆಯಬೇಕು, ಯಾವ ಕ್ಲಬ್ ಎಂದು ನಿಮ್ಮ ಚೀಲ ಹೊರುವ ಕ್ಯಾಡಿಯನ್ನು ಮಾತ್ರ ಕೇಳಬೇಕು.

ಚೆಂಡು ಯಾರ ಕಡೆಗಾದರೂ ಹೋದರೆ ಕೂಡಲೇ ಗಟ್ಟಿಯಾಗಿ "ಫೋರ್!" ಎಂದು ಕೂಗಿ. ದೂರ ಇದ್ದಾರೆ, ತಾಗಲಾರದು ಎಂದು ಲೆಕ್ಕ ಹಾಕುತ್ತ ನಿಲ್ಲಬೇಡಿ. ಈ ಚೆಂಡು ತಲೆಗೆ ಬಡಿದರೆ ಪ್ರಾಣಕ್ಕೇ ಅಪಾಯ.

ಜನರಲ್ ಏರಿಯಾ: ಯಾವುದು ಉಚಿತ, ಯಾವುದಕ್ಕೆ ದಂಡ

ಮೂಲ ಸೂತ್ರ: ಚೆಂಡು ಬಿದ್ದಂತೆ ಆಡು, ನೆಲ ಇದ್ದಂತೆ ಆಡು. ಅಡ್ಡಬಂದ ಟೊಂಗೆ ಮುರಿಯುವುದು, ಚೆಂಡಿನ ಹಿಂದಿನ ಹುಲ್ಲು ತುಳಿದು ಒತ್ತುವುದು, ಮಣ್ಣು ಸಮ ಮಾಡುವುದು ಎಲ್ಲಕ್ಕೂ 2 ಹೊಡೆತ. ಇಷ್ಟು ಬಿಗಿ ಇರುವ ನಿಯಮದಲ್ಲಿ ಬಿಡುವುಗಳೂ ಬಹಳ ಇವೆ. ಅವನ್ನು ತಿಳಿದವರಿಗೆ ಸುತ್ತಿಗೆ ಒಂದೆರಡು ಹೊಡೆತ ಉಳಿಯುವುದುಂಟು.

ಒಣಗಿದ ಎಲೆ, ಬಿದ್ದ ಟೊಂಗೆ, ಬಿಡಿ ಕಲ್ಲು, ಇರುವೆ ಗೂಡಿನ ಸಡಿಲ ಮಣ್ಣು, ಇವನ್ನು ಎಲ್ಲಿ ಬೇಕಾದರೂ ತೆಗೆಯಬಹುದು. ತೆಗೆಯುವಾಗ ಚೆಂಡು ಅಲುಗಿದರೆ 1 ಹೊಡೆತ ದಂಡ, ಚೆಂಡನ್ನು ಮೊದಲಿನ ಜಾಗದಲ್ಲೇ ಇಡಬೇಕು. ಆದ್ದರಿಂದ ಚೆಂಡಿಗೆ ಆನಿಕೊಂಡ ಎಲೆಯನ್ನು ಬಿಟ್ಟು ಉಳಿದದ್ದನ್ನು ತೆಗೆಯುವುದು ಜಾಣತನ. ನೀರಿನ ಬಾಟಲಿ, ಮರಳು ಕೆದರುವ ರೇಕ್, ಹಗ್ಗ ಮುಂತಾದ ಮನುಷ್ಯ ಮಾಡಿದ, ಸುಲಭವಾಗಿ ಸರಿಸಬಹುದಾದ ವಸ್ತುಗಳದ್ದು ಬೇರೆ ಲೆಕ್ಕ. ಅವನ್ನು ಸರಿಸುವಾಗ ಚೆಂಡು ಅಲುಗಿದರೂ ದಂಡವಿಲ್ಲ, ಮರಳಿ ಇಟ್ಟು ಆಡಿ.

ಮೈದಾನದ ಕಾಲುದಾರಿಗೆ ಪರಸಿ ಹಾಸಿದ್ದಾರೆ, ನಿಮ್ಮ ಚೆಂಡು ಅದರ ಮೇಲೆ ನಿಂತಿದೆ ಎಂದುಕೊಳ್ಳಿ. ಶಹಾಬಾದ್ ಕಲ್ಲೇ ಇರಲಿ, ಸಿಮೆಂಟೇ ಇರಲಿ, ಹಾಸಿದ ದಾರಿಯಿಂದ ಉಚಿತ ಬಿಡುಗಡೆ ಉಂಟು, ಅಂದರೆ ದಂಡವಿಲ್ಲದೆ ಚೆಂಡು ಎತ್ತಿ ಪಕ್ಕಕ್ಕೆ ತರಬಹುದು. ನೀರಿನ ಪೈಪಿನ ಮೂತಿ, ವಿದ್ಯುತ್ ಪೆಟ್ಟಿಗೆ, ಮಳೆ ನಿಂತು ಆದ ತಾತ್ಕಾಲಿಕ ನೀರು, ದುರಸ್ತಿಯಲ್ಲಿದೆ ಎಂದು ಗೆರೆ ಎಳೆದ ನೆಲ, ಪ್ರಾಣಿ ತೋಡಿದ ಬಿಲ, ಎಲ್ಲಕ್ಕೂ ಇದೇ ಕ್ರಮ. ಚೆಂಡು, ನಿಮ್ಮ ನಿಲುವು ಅಥವಾ ಕ್ಲಬ್ ಬೀಸುವ ಜಾಗ, ಈ ಮೂರರಲ್ಲಿ ಒಂದಕ್ಕೆ ಅಡ್ಡಿಯಾದರೆ ಸಾಕು. ಬಾವುಟ ಮರೆಯಾಗುತ್ತದೆ ಎಂಬುದು ಕಾರಣವಾಗುವುದಿಲ್ಲ.

ಇಲ್ಲಿ ಎಚ್ಚರ ಬೇಕು. ಬಿಡುಗಡೆ ಸಿಗುವುದು ಅಡ್ಡಿ ಪೂರ್ತಿ ತಪ್ಪುವ ಅತಿ ಹತ್ತಿರದ ಜಾಗದಲ್ಲಿ, ನಿಮಗೆ ಅನುಕೂಲವಾದ ಜಾಗದಲ್ಲಲ್ಲ. ದಾರಿಯ ಎಡಕ್ಕೆ ಚಂದದ ಫೇರ್‌ವೇ, ಬಲಕ್ಕೆ ಜಾಲಿ ಪೊದೆ ಇದ್ದು, ಬಲಗಡೆಯೇ ಹತ್ತಿರವಾದರೆ ಬಲಗಡೆಯೇ ಬಿಡಬೇಕು. ಚೆಂಡು ಎತ್ತಿದ ಮೇಲೆ ಇದು ಗಮನಕ್ಕೆ ಬಂದರೆ ಸಿಕ್ಕಿಬಿದ್ದಂತೆ. ಮೊದಲಿನ ಜಾಗಕ್ಕೇ ಇಡುತ್ತೇನೆ ಎಂದರೆ 1 ಹೊಡೆತ ದಂಡ. ಮೊದಲು ನಿಂತು, ಕ್ಲಬ್ ಬೀಸಿ ನೋಡಿ, ಎರಡೂ ಕಡೆ ಅಳೆದು, ಆಮೇಲೆ ಕೈ ಹಚ್ಚಿ. ಎತ್ತುವುದು ಬೇಡ ಅನ್ನಿಸಿದರೆ ಪರಸಿಯ ಮೇಲಿಂದಲೇ ಹೊಡೆಯಬಹುದು.

ನಮ್ಮ ಎರಿ ಭೂಮಿಯಂಥ ನೆಲಕ್ಕೆ ಸಂಬಂಧಪಟ್ಟ ಮೂರು ವಿಷಯ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟು ಬಿರುಕು ಬಿಡುತ್ತದಲ್ಲ, ಚೆಂಡು ಅಂಥ ಬಿರುಕಿನಲ್ಲಿ ಇಳಿದರೆ ತಾನಾಗಿಯೇ ಉಚಿತ ಬಿಡುಗಡೆ ಇಲ್ಲ. ಪಂದ್ಯದ ಸಮಿತಿ ಅದನ್ನು ದುರಸ್ತಿಯ ನೆಲ ಎಂದು ಘೋಷಿಸಿದ್ದರೆ ಮಾತ್ರ ಉಂಟು. ಅಂಥ ಕಡೆ ಆಡುವಾಗ ಆರಂಭಕ್ಕೂ ಮುನ್ನ ಸ್ಥಳೀಯ ನಿಯಮದ ಹಾಳೆ ಕೇಳಿ ಓದಿ. ಮಳೆಗಾಲದಲ್ಲಿ ಚೆಂಡು ರಭಸದಿಂದ ಬಿದ್ದು ತಾನೇ ಮಾಡಿದ ಗುಂಡಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಹೂತುಕೊಂಡರೆ ಜನರಲ್ ಏರಿಯಾದಲ್ಲಿ ಉಚಿತ ಬಿಡುಗಡೆ ಇದೆ. ಹಾಗೆ ಎತ್ತಿದಾಗ ಒರೆಸಲೂಬಹುದು. ಆದರೆ ಹೂತಿಲ್ಲ, ಬರೀ ಕೆಸರು ಮೆತ್ತಿದೆ ಎಂದರೆ ಎತ್ತಿ ಒರೆಸುವಂತಿಲ್ಲ. ಹಾಗೇ ಹೊಡೆಯಬೇಕು.

ಚೆಂಡಿನ ಹತ್ತಿರ ಹಾವು, ಜೇನು ಇದ್ದರೆ ಧೈರ್ಯ ತೋರಿಸುವುದು ಬೇಡ. ಅಪಾಯಕಾರಿ ಪ್ರಾಣಿ ಎಂಬ ಕಾರಣಕ್ಕೆ ಉಚಿತವಾಗಿ ದೂರ ತಂದು ಆಡಬಹುದು. ಜಾಲಿ ಮುಳ್ಳಿಗೆ, ಪಾಪಾಸುಕಳ್ಳಿಗೆ ಆ ಸವಲತ್ತು ಇಲ್ಲ.

ಚೆಂಡು ಬಿಡುವ ಕ್ರಮ

ಬಿಡುಗಡೆ ಉಚಿತವೇ ಇರಲಿ, ದಂಡದ್ದೇ ಇರಲಿ, ಚೆಂಡನ್ನು ಕೆಳಗೆ ಬಿಡುವ ವಿಧಾನ ಒಂದೇ. ಇದನ್ನು ಒಂದೊಂದೇ ಹೆಜ್ಜೆ ಕಲಿಯಿರಿ, ಏಕೆಂದರೆ ಹೊಸಬರು ಹೆಚ್ಚು ಎಡವುವುದು ಇಲ್ಲೇ.

1. ಜೊತೆಗಾರರಿಗೆ ಯಾವ ಕಾರಣಕ್ಕೆ ಬಿಡುಗಡೆ ತೆಗೆದುಕೊಳ್ಳುತ್ತೀರಿ ಎಂದು ಹೇಳಿ. ನಿಯಮದಲ್ಲಿ ಕಡ್ಡಾಯವಿಲ್ಲ, ಆದರೆ ಆಮೇಲಿನ ತಕರಾರು ತಪ್ಪುತ್ತದೆ.
2. ಅಳತೆ ಆರಂಭವಾಗುವ ಬಿಂದುವಿನಲ್ಲಿ ಒಂದು ಟೀ ಊರಿ.
3. ಅಲ್ಲಿಂದ ಡ್ರೈವರ್ ಮಲಗಿಸಿ ಅಳೆಯಿರಿ. ಉಚಿತ ಬಿಡುಗಡೆಗೆ ಒಂದು ಕ್ಲಬ್ ಉದ್ದ, ದಂಡ ತೆತ್ತು ಪಕ್ಕಕ್ಕೆ ಬರುವಾಗ ಎರಡು. ಕೊನೆಗೆ ಇನ್ನೊಂದು ಟೀ. ಈ ಜಾಗದ ಯಾವ ಭಾಗವೂ ಆ ಮೊದಲ ಬಿಂದುವಿಗಿಂತ ಕುಳಿಗೆ ಹತ್ತಿರ ಇರಬಾರದು.
4. ನೆಟ್ಟಗೆ ನಿಂತಾಗ ನಿಮ್ಮ ಮೊಣಕಾಲು ಇರುವ ಎತ್ತರದಿಂದ ಚೆಂಡನ್ನು ನೇರ ಕೆಳಗೆ ಬಿಡಿ. ಎಸೆಯಬಾರದು, ತಿರುಗಿಸಬಾರದು, ನೆಲ ಮುಟ್ಟುವ ಮೊದಲು ಮೈಗೆ ತಾಗಬಾರದು.
5. ಚೆಂಡು ಅಳೆದ ಜಾಗದಲ್ಲೇ ಬಿದ್ದು ಅಲ್ಲೇ ನಿಲ್ಲಬೇಕು. ಉರುಳಿ ಹೊರಹೋದರೆ ಇನ್ನೊಮ್ಮೆ ಬಿಡಿ. ಎರಡನೇ ಸಲವೂ ಹೊರಹೋದರೆ, ಆ ಎರಡನೇ ಸಲ ನೆಲಕ್ಕೆ ಮೊದಲು ತಾಗಿದ ಜಾಗದಲ್ಲಿ ಕೈಯಿಂದ ಇಡಿ.

ಅಭ್ಯಾಸಬಲದಿಂದ ಭುಜದ ಎತ್ತರದಿಂದ ಬಿಟ್ಟರೆ ಗಾಬರಿಯಾಗಬೇಡಿ. ಹೊಡೆಯುವ ಮೊದಲು ಎತ್ತಿ ಸರಿಯಾಗಿ ಬಿಟ್ಟರೆ ದಂಡವಿಲ್ಲ, ಆ ತಪ್ಪು ಬಿಡುವಿಕೆ ಎರಡು ಸಲದ ಲೆಕ್ಕದಲ್ಲಿ ಸೇರುವುದಿಲ್ಲ. ಹಾಗೇ ಹೊಡೆದುಬಿಟ್ಟರೆ, ಜಾಗ ಸರಿ ಇದ್ದರೂ 1 ಹೊಡೆತ.

ಕಳೆದ ಚೆಂಡು, ಬಿಳಿ ಗೂಟ, ಜಾಲಿ ಪೊದೆ

ಹುಡುಕಲು ಸಮಯ 3 ನಿಮಿಷ. ನೀವು ಅಥವಾ ನಿಮ್ಮ ಕ್ಯಾಡಿ ಹುಡುಕಲು ಶುರು ಮಾಡಿದ ಗಳಿಗೆಯಿಂದ ಲೆಕ್ಕ. ಸಿಗಲಿಲ್ಲವೆಂದರೆ, ಅಥವಾ ಚೆಂಡು ಪೂರ್ತಿಯಾಗಿ ಬಿಳಿ ಗೂಟದ ಆಚೆ ಹೋಗಿದ್ದರೆ, 1 ಹೊಡೆತ ದಂಡ ಸೇರಿಸಿ ಹಿಂದೆ ಎಲ್ಲಿಂದ ಹೊಡೆದಿರೋ ಅಲ್ಲಿಂದಲೇ ಮತ್ತೆ ಆಡಬೇಕು. ಬಿಸಿಲಿನಲ್ಲಿ 200 ಗಜ ಹಿಂದೆ ನಡೆಯುವುದು ನಿಮಗೂ ಕಷ್ಟ, ಹಿಂದೆ ಕಾಯುವವರಿಗೂ ಕಷ್ಟ. ಅದಕ್ಕೇ ಪ್ರಾವಿಷನಲ್ ಚೆಂಡು ಎಂಬ ವ್ಯವಸ್ಥೆ ಇದೆ. ಮೊದಲ ಚೆಂಡು ಕಳೆದಿರಬಹುದು ಅನ್ನಿಸಿದ ಕೂಡಲೇ, ಮುಂದೆ ನಡೆಯುವ ಮೊದಲೇ, ಅಲ್ಲಿಂದಲೇ ಇನ್ನೊಂದು ಹೊಡೆಯುವುದು.

ಆಗ ಬಾಯಿಬಿಟ್ಟು ಹೇಳುವ ಮಾತು ಮುಖ್ಯ. "ತಡೀರಿ, ಇನ್ನೊಂದು ಹೊಡೀತೀನಿ" ಎಂದರೆ ಸಾಲದು. ಹಾಗಂದು ಹೊಡೆದರೆ ಮೊದಲನೆಯದು ಕಳೆದಂತೆಯೇ ಆಯಿತು, ಎರಡನೆಯದೇ ಆಟದ ಚೆಂಡು. "ಇದು ಪ್ರಾವಿಷನಲ್ ರೀ" ಎಂದು ಸ್ಪಷ್ಟವಾಗಿ ಹೇಳಿ. ಮೊದಲನೆಯದು ಪೆನಾಲ್ಟಿ ಏರಿಯಾಕ್ಕೆ ಹೋದದ್ದು ಖಚಿತವಿದ್ದರೆ ಪ್ರಾವಿಷನಲ್‌ಗೆ ಅವಕಾಶವಿಲ್ಲ.

ಬಿಳಿ ಗೂಟ, ಗಡಿಯ ಕಾಂಪೌಂಡ್ ಗೋಡೆ, ತಂತಿಬೇಲಿಗಳನ್ನು ಬೇರೆ ಅಡ್ಡಿಗಳ ಹಾಗೆ ಎಣಿಸಬೇಡಿ. ಅವು ಮೈದಾನದ ಎಲ್ಲೆ. ಗೂಟ ಕಿತ್ತು ಆಡಿದರೆ 2 ಹೊಡೆತ, ಗೋಡೆ ಅಡ್ಡಬಂದರೆ ಉಚಿತ ಬಿಡುಗಡೆಯೂ ಇಲ್ಲ. ಕೆಂಪು, ಹಳದಿ ಗೂಟ ಕೀಳಲು ಬರುವಂತಿದ್ದರೆ ಕಿತ್ತು ಆಡಬಹುದು, ಆಮೇಲೆ ಮರಳಿ ನೆಡಿ.

ಕೆಲವು ಕ್ಲಬ್‌ಗಳಲ್ಲಿ ಒಂದು ಸ್ಥಳೀಯ ನಿಯಮ ಇರುತ್ತದೆ: ಹಿಂದೆ ಹೋಗದೆ, 2 ಹೊಡೆತ ದಂಡ ತೆತ್ತು, ಚೆಂಡು ಕಳೆದ ಆಸುಪಾಸಿನ ಫೇರ್‌ವೇ ಬದಿಯಲ್ಲಿ ಬಿಟ್ಟು ಮುಂದುವರಿಯಬಹುದು. ಗೆಳೆಯರ ಆಟಕ್ಕೆ ಬಹಳ ಅನುಕೂಲ. ಪ್ರಾವಿಷನಲ್ ಹೊಡೆದಿದ್ದರೆ ಮಾತ್ರ ಇದನ್ನು ಬಳಸಲು ಬರುವುದಿಲ್ಲ.

ಚೆಂಡು ಸಿಕ್ಕಿದೆ, ಆದರೆ ಜಾಲಿಯ ಬುಡದಲ್ಲಿದೆ ಎಂದರೆ ಅದನ್ನು ಆಡಲಾಗದ್ದು ಎಂದು ಘೋಷಿಸುವ ಹಕ್ಕು ನಿಮ್ಮದು, ಯಾರ ಒಪ್ಪಿಗೆಯೂ ಬೇಡ. 1 ಹೊಡೆತ ದಂಡಕ್ಕೆ ಮೂರು ದಾರಿ. ಹಿಂದೆ ಹೊಡೆದ ಜಾಗಕ್ಕೇ ಹೋಗುವುದು. ಕುಳಿಯಿಂದ ಚೆಂಡಿಗೆ ಒಂದು ಗೆರೆ ಎಳೆದಂತೆ ಭಾವಿಸಿ, ಆ ಗೆರೆಯ ಮೇಲೆ ಚೆಂಡಿನಿಂದ ಎಷ್ಟು ದೂರ ಬೇಕಾದರೂ ಹಿಂದಕ್ಕೆ ಹೋಗಿ ಬಿಡುವುದು. ಅಥವಾ ಚೆಂಡು ಇದ್ದಲ್ಲಿಂದ ಎರಡು ಕ್ಲಬ್ ಉದ್ದ ಪಕ್ಕಕ್ಕೆ, ಕುಳಿಗೆ ಹತ್ತಿರವಾಗದಂತೆ. ಮೂರನೆಯದೇ ಎಲ್ಲರಿಗೂ ಇಷ್ಟ. ಆದರೆ ಬೆಳೆದ ಜಾಲಿಯ ಟೊಂಗೆ 5 ಮೊಳಕ್ಕಿಂತ ಆಚೆ ಹರಡಿರುತ್ತದೆ. ಅಳೆಯದೆ ಎತ್ತಿ ಬಿಟ್ಟರೆ ಮತ್ತೆ ಮುಳ್ಳಿನಲ್ಲೇ, ಮತ್ತೊಂದು ದಂಡ. ಅಳೆದು ನೋಡಿ, ಸಾಲದಿದ್ದರೆ ಹಿಂದಕ್ಕೆ ಹೋಗುವ ದಾರಿ ಹಿಡಿಯಿರಿ.

ಒಂದು ಹೋಲ್ ಲೆಕ್ಕ ಹಾಕಿ ನೋಡೋಣ, ಪಾರ್ 4, ಅಂದರೆ 4 ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕದ್ದು. ಟೀಯಿಂದ ಹೊಡೆದದ್ದು ಬಲಕ್ಕೆ ಪೊದೆಗಳ ಕಡೆ ಹೋಯಿತು: 1. ಪ್ರಾವಿಷನಲ್ ಎಂದು ಹೇಳಿ ಹೊಡೆದಿರಿ, ಅದು ಫೇರ್‌ವೇ ನಡುವೆ ಬಿತ್ತು. ಎರಡನೇ ನಿಮಿಷದಲ್ಲಿ ಮೊದಲ ಚೆಂಡು ಜಾಲಿಯ ಅಡಿ ಸಿಕ್ಕಿತು. ಸಿಕ್ಕ ಮೇಲೆ ಪ್ರಾವಿಷನಲ್ ಮುಗಿಯಿತು, ಅದು ಎಷ್ಟೇ ಒಳ್ಳೆ ಜಾಗದಲ್ಲಿದ್ದರೂ ಎತ್ತಿ ಜೇಬಿಗೆ ಹಾಕಬೇಕು. ಆಡಲಾಗದ್ದು ಎಂದು ದಂಡ: 2. ಪಕ್ಕಕ್ಕೆ ಬಿಟ್ಟು ಹೊಡೆದದ್ದು ಬಂಕರ್‌ಗೆ: 3. ಬಂಕರ್‌ನಿಂದ ಗ್ರೀನ್‌ಗೆ: 4. ಗ್ರೀನ್ ಮೇಲೆ ಉರುಳಿಸುವ ಹೊಡೆತ, ಅಂದರೆ ಪಟ್, ಎರಡು: 6. ಪಾರ್‌ಗಿಂತ ಎರಡು ಹೆಚ್ಚು, ಇದಕ್ಕೆ ಡಬಲ್ ಬೋಗಿ ಎನ್ನುತ್ತಾರೆ. ಒಂದು ಹೆಚ್ಚಾದರೆ ಬೋಗಿ, ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಮೊದಲ ಚೆಂಡು ಸಿಗದೇ ಹೋಗಿದ್ದರೆ? ಮೊದಲ ಹೊಡೆತ 1, ದಂಡ 2, ಪ್ರಾವಿಷನಲ್ 3, ಗ್ರೀನ್‌ಗೆ 4, ಎರಡು ಪಟ್ ಸೇರಿ 6. ಪ್ರಾವಿಷನಲ್ ಚೆನ್ನಾಗಿ ಬಿದ್ದಿದ್ದರೆ ಪೊದೆಯಲ್ಲಿ ಹುಡುಕಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಬೇರೆಯವರು 3 ನಿಮಿಷದೊಳಗೆ ಹುಡುಕಿ ಕೊಟ್ಟರೆ ನಿರಾಕರಿಸಲು ಬರುವುದಿಲ್ಲ.

ಕೆಂಪು ಗೂಟ, ಹಳದಿ ಗೂಟ

ಹಳ್ಳ, ಕೆರೆ, ಆಳದ ತಗ್ಗುಗಳನ್ನು ಪೆನಾಲ್ಟಿ ಏರಿಯಾ ಎಂದು ಗುರುತಿಸುತ್ತಾರೆ. ನೀರು ಬತ್ತಿ ಹಳ್ಳ ಒಣಗಿದ್ದರೂ ಗೂಟ ಇದ್ದ ಮೇಲೆ ನಿಯಮ ಅದೇ. ಒಳಗಿಂದ ಹೊಡೆಯಲು ಬರುವಂತಿದ್ದರೆ ದಂಡವಿಲ್ಲದೆ ಹೊಡೆಯಬಹುದು, ಕ್ಲಬ್ ನೆಲಕ್ಕೆ ತಾಗಿಸಲೂಬಹುದು. ಬೇಡವೆಂದರೆ 1 ಹೊಡೆತ ದಂಡ ತೆತ್ತು ಹೊರಗೆ ತರಬೇಕು. ಹಳದಿಗೆ ಎರಡು ದಾರಿ: ಹಿಂದೆ ಹೊಡೆದ ಜಾಗ, ಅಥವಾ ಗೆರೆಯ ಮೇಲೆ ಹಿಂದಕ್ಕೆ. ಕೆಂಪಿಗೆ ಇವೆರಡರ ಜೊತೆ ಮೂರನೆಯದೂ ಇದೆ, ಪಕ್ಕಕ್ಕೆ ಎರಡು ಕ್ಲಬ್ ಉದ್ದ.

ಅಳತೆ ಎಲ್ಲಿಂದ ಎಂಬುದರಲ್ಲೇ ತಪ್ಪಾಗುವುದು. ಚೆಂಡು ನೀರಿಗೆ ಬಿದ್ದ ಜಾಗ ಮುಖ್ಯವಲ್ಲ. ಅದು ಪೆನಾಲ್ಟಿ ಏರಿಯಾದ ಅಂಚನ್ನು ಕೊನೆಯದಾಗಿ ದಾಟಿದ ಬಿಂದು ಮುಖ್ಯ. ಚೆಂಡು 60 ಗಜ ಹಿಂದೆಯೇ ಅಂಚು ದಾಟಿ, ಬಾಗಿ ಮುಂದೆ ನೀರಿಗೆ ಬಿದ್ದಿದ್ದರೆ ಆ 60 ಗಜ ಹಿಂದಕ್ಕೆ ಬರಬೇಕು. ಹೊಡೆದವರು ತಲೆ ತಗ್ಗಿಸಿರುತ್ತಾರೆ, ಜೊತೆಗಾರರು ಕಣ್ಣಿಟ್ಟು ನೋಡಿ ಹೇಳುವುದು ಒಳ್ಳೆಯ ಪದ್ಧತಿ. ಒಳಗೆ ಹೋಗಿದೆಯೋ ಇಲ್ಲವೋ ಎಂಬುದು ಹೆಚ್ಚುಕಡಿಮೆ ಖಚಿತವಿಲ್ಲದಿದ್ದರೆ ಕಳೆದ ಚೆಂಡಿನ ನಿಯಮವೇ ಅನ್ವಯ.

ಬಂಕರ್ ಬಗ್ಗೆ ಇಷ್ಟು ನೆನಪಿದ್ದರೆ ಸಾಕು. ಹೊಡೆಯುವ ಮೊದಲು ಮರಳನ್ನು ಕೈಯಿಂದ, ಕ್ಲಬ್‌ನಿಂದ ಮುಟ್ಟಿ ಪರೀಕ್ಷಿಸಬಾರದು. ಚೆಂಡಿನ ಹಿಂದೆ, ಮುಂದೆ ಕ್ಲಬ್ ಊರಬಾರದು. ಅಭ್ಯಾಸದ ಬೀಸಿನಲ್ಲಿ, ಹಿಂದಕ್ಕೆ ಎತ್ತುವಾಗ ಮರಳು ತಾಗಬಾರದು. ಯಾವುದಾದರೂ ಒಂದಕ್ಕೆ 2 ಹೊಡೆತ. ನಿಲುವಿಗೆ ಕಾಲು ಊರಿ ಹೂಳಬಹುದು, ಎಲೆ, ಕಲ್ಲು ತೆಗೆಯಬಹುದು. ಒಳಗಿಂದ ಹೊರಗೆ ಗೆರೆಯ ಮೇಲೆ ಹಿಂದಕ್ಕೆ ತಂದು ಆಡುತ್ತೇನೆಂದರೆ ದಂಡ 2. ಎರಡು ಮೂರು ಸಲ ಹೊಡೆದೂ ಹೊರಬರದ ಹೊಸಬರಿಗೆ ಅದೇ ಲಾಭ. ಹೊರಬರುವಾಗ ಹೆಜ್ಜೆ ಗುರುತನ್ನು ರೇಕ್‌ನಿಂದ ಸಮ ಮಾಡಿ, ಹಿಂದಿನವರ ಚೆಂಡು ಅದೇ ಹೆಜ್ಜೆಯಲ್ಲಿ ಬೀಳಬಾರದು.

ಗ್ರೀನ್ ಮೇಲೆ

ಇಲ್ಲಿ ಮಾತ್ರ ಯಾವ ಕಾರಣವೂ ಇಲ್ಲದೆ ಚೆಂಡು ಎತ್ತಿ ಒರೆಸಬಹುದು. ಕ್ರಮ ತಪ್ಪಬಾರದು ಅಷ್ಟೆ. ಮೊದಲು ಚೆಂಡಿನ ಹಿಂದೆ ಅಂಟಿದಂತೆ ನಾಣ್ಯ ಇಡಿ, ಆಮೇಲೆ ಚೆಂಡು ಎತ್ತಿ. ಗುರುತಿಲ್ಲದೆ ಎತ್ತಿದರೆ 1 ಹೊಡೆತ. ನಿಮ್ಮ ಸರದಿ ಬಂದಾಗ ಮೊದಲು ಚೆಂಡು ಇಡಿ, ಆಮೇಲೆ ನಾಣ್ಯ ತೆಗೆಯಿರಿ. ನಾಣ್ಯ ಅಲ್ಲೇ ಬಿಟ್ಟು ಹೊಡೆದರೆ ಅದಕ್ಕೂ 1. ಕೈ ತಪ್ಪಿ ಚೆಂಡು ಅಲುಗಿದರೆ ಇಲ್ಲಿ ದಂಡವಿಲ್ಲ, ಇದ್ದಲ್ಲಿ ಇಡಿ.

ಚೆಂಡು ಬಿದ್ದು ಆದ ಕುಳಿ, ಬೂಟಿನ ಗೀರು ಸರಿಪಡಿಸಬಹುದು, ಮರಳು ಮತ್ತು ಸಡಿಲ ಮಣ್ಣು ಗುಡಿಸಬಹುದು. ಆ ಮರಳು, ಮಣ್ಣು ಗ್ರೀನ್‌ನ ಹೊರಗೆ ಒಂದು ಗೇಣು ಆಚೆ ಇದ್ದರೂ ಗುಡಿಸುವಂತಿಲ್ಲ. ಬಾವುಟದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಿ ಅದಕ್ಕೆ ತಾಗಿದರೂ ದಂಡವಿಲ್ಲ. ಆದರೆ ನಿಮ್ಮ ಪಟ್ ಗ್ರೀನ್ ಮೇಲೇ ಇರುವ ಇನ್ನೊಬ್ಬರ ಚೆಂಡಿಗೆ ಬಡಿದರೆ ನಿಮಗೆ 2 ಹೊಡೆತ. ದಾರಿಯಲ್ಲಿದ್ದರೆ ಗುರುತಿಟ್ಟು ಎತ್ತಲು ಮೊದಲೇ ಕೇಳಿ. ಚೆಂಡು ಕುಳಿಯ ಅಂಚಿನಲ್ಲಿ ತೂಗುತ್ತಿದ್ದರೆ, ನಡೆದು ಹೋಗಿ ಅಲ್ಲಿ 10 ಸೆಕೆಂಡ್ ಕಾಯಬಹುದು.

ಕುಳಿಯ ಪಕ್ಕ ಒಂದು ಗೇಣು ಉಳಿದದ್ದನ್ನು "ಆಯಿತು ಬಿಡಿ" ಎಂದು ಎತ್ತುವುದು ಮ್ಯಾಚ್ ಪ್ಲೇಯಲ್ಲಿ ಎದುರಾಳಿ ಬಿಟ್ಟುಕೊಟ್ಟಾಗ ಮಾತ್ರ. ಸ್ಟ್ರೋಕ್ ಪ್ಲೇಯಲ್ಲಿ ಒಳಗೆ ಹಾಕಲೇಬೇಕು. ಹಾಕದೆ ಮುಂದಿನ ಟೀಯಿಂದ ಹೊಡೆದರೆ ಸ್ಪರ್ಧೆಯಿಂದ ಹೊರಗೆ. ಆರಂಭದ ದಿನಗಳಲ್ಲಿ ಇದು ಭಾರವೆನಿಸಿದರೆ, ಪ್ರತಿ ಹೋಲ್‌ಗೆ ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಆಡಿ. ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ನೋಡಿ ಕೊಡುವ ರಿಯಾಯಿತಿ ಹೊಡೆತ, ಕಳೆದ ಮೇಲೆ ಪಾರ್‌ಗೆ 2 ಅಂಕ, ಬೋಗಿಗೆ 1, ಬರ್ಡಿಗೆ 3. ಅಂಕ ಸಿಗುವುದಿಲ್ಲವೆಂದು ಖಚಿತವಾದ ಕೂಡಲೇ ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಆಟವೂ ನಿಧಾನವಾಗುವುದಿಲ್ಲ.

ಸ್ಕೋರ್ ಕಾರ್ಡಿನಲ್ಲಿ ನಿಮ್ಮ ಅಂಕ ಬರೆಯುವವರು ನಿಮ್ಮ ಮಾರ್ಕರ್. ಕೊನೆಗೆ ಪ್ರತಿ ಹೋಲ್‌ನ ಸಂಖ್ಯೆ ಓದಿ ಇಬ್ಬರೂ ಸಹಿ ಮಾಡಬೇಕು. ಒಟ್ಟು ತಪ್ಪಾದರೆ ಚಿಂತೆಯಿಲ್ಲ, ಕೂಡುವುದು ಸಮಿತಿಯ ಕೆಲಸ. ಒಂದು ಹೋಲ್‌ಗೆ ಹೊಡೆದದ್ದಕ್ಕಿಂತ ಕಡಿಮೆ ಬರೆದು ಸಹಿ ಹಾಕಿ ಕೊಟ್ಟರೆ ಅನರ್ಹತೆ. ಹೆಚ್ಚು ಬರೆದಿದ್ದರೆ ಆ ಹೆಚ್ಚಿನದೇ ನಿಲ್ಲುತ್ತದೆ. ದಂಡ ಬಿದ್ದದ್ದೇ ಗೊತ್ತಿರಲಿಲ್ಲ ಎಂಬ ಒಂದು ಸಂದರ್ಭದಲ್ಲಿ ಮಾತ್ರ ದಂಡವನ್ನು ಸೇರಿಸಿ ಬಿಡುತ್ತಾರೆ. ಅಂಪೈರ್ ಇಲ್ಲದ ಆಟ ನಿಂತಿರುವುದೇ ಈ ಸಹಿಯ ಮೇಲೆ, ಪ್ರತಿ ಸಾಲನ್ನೂ ಬೆರಳಿಟ್ಟು ಓದಿ.

ಗುಡುಗು ಸಿಡಿಲಿನ ಸೂಚನೆ ಕಂಡರೆ ಯಾರ ಅನುಮತಿಗೂ ಕಾಯದೆ ಆಟ ನಿಲ್ಲಿಸುವ ಹಕ್ಕು ನಿಮಗಿದೆ. ಕ್ಲಬ್ ಕೆಳಗಿಟ್ಟು, ಮರದ ಕೆಳಗೆ ನಿಲ್ಲದೆ, ಕಟ್ಟಡದ ಒಳಗೆ ಸೇರಿಕೊಳ್ಳಿ. ಸಮಿತಿಗೆ ಆಮೇಲೆ ತಿಳಿಸಿದರಾಯಿತು.

ಊರಲ್ಲೇ ಕಲಿಯುವ ಬಗೆ

ಮೈದಾನದ ಫೀ ಕೊಟ್ಟು ನಿಯಮ ಕಲಿಯಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿದು ಖಾಲಿ ಬಿದ್ದ ಹೊಲ ಸಾಕು, ಹೊಲದವರನ್ನು ಕೇಳಿಯೇ ಇಳಿಯಿರಿ. ತೊಗರಿ ಕೂಳೆ ಈಟಿಯಂತೆ ಚೂಪು, ಗಟ್ಟಿ ಬೂಟು ಹಾಕಿ.

ಹಾರ್ಡ್‌ವೇರ್ ಅಂಗಡಿಯಲ್ಲಿ 110 ಎಂಎಂ ಪಿವಿಸಿ ಪೈಪಿನ ಒಂದು ಗೇಣುದ್ದದ ತುಂಡು ತನ್ನಿ. ನಿಜವಾದ ಕುಳಿಯ ಅಗಲ 108 ಮಿಲಿಮೀಟರ್, ಆಳ ಕನಿಷ್ಠ 101.6. ಪೈಪಿನ ಒಳ ಅಳತೆ ಅದಕ್ಕಿಂತ ಕೊಂಚ ಕಿರಿದು, ಅಭ್ಯಾಸಕ್ಕೆ ಅದೇ ಒಳ್ಳೆಯದು. ಬಾಯಿ ನೆಲಮಟ್ಟಕ್ಕಿಂತ ಒಂದು ಇಂಚು ಕೆಳಗೆ ಇರುವಂತೆ ಹೂಳಿ. ಸುತ್ತ 10 ಹೆಜ್ಜೆ ನೆಲ ಗುಡಿಸಿ, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿ, ಅದು ನಿಮ್ಮ ಗ್ರೀನ್. 70, 80 ಹೆಜ್ಜೆ ದೂರದಲ್ಲಿ ಎರಡು ಕಲ್ಲಿಟ್ಟರೆ ಟೀ. ಹೊಲದ ಬದುವೇ ಬಿಳಿ ಗೂಟದ ಗಡಿ. ಒಂದು ತಗ್ಗಿನ ಸುತ್ತ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಟ್ಟರೆ ಪೆನಾಲ್ಟಿ ಏರಿಯಾ. ಡ್ರೈವರ್ ಅಳತೆಗೆ ಮಾತ್ರ, ಹೊಡೆಯಲು ವೆಡ್ಜ್ ಸಾಕು.

ಇಬ್ಬರು ಆಡಿ, ಒಬ್ಬರು ಇನ್ನೊಬ್ಬರ ಮಾರ್ಕರ್ ಆಗಿ. ಪ್ರತಿ ಸಲ ಚೆಂಡಿನ ಬಳಿ ಬಂದಾಗ ಮುಟ್ಟುವ ಮೊದಲು ಗಟ್ಟಿಯಾಗಿ ಮೂರು ಮಾತು ಹೇಳಿ: ಯಾವ ಭಾಗದಲ್ಲಿದೆ, ಏನೇನು ಮಾಡಬಹುದು, ದಂಡ ಎಷ್ಟು. ಬೇಕೆಂದೇ ಚೆಂಡನ್ನು ಬದುವಿನ ಆಚೆ, ತಗ್ಗಿಗೆ, ಜಾಲಿಯ ಬುಡಕ್ಕೆ ಹಾಕಿ ಅಳೆದು ಬಿಡುವುದನ್ನು ದಿನಕ್ಕೆ ಹತ್ತು ಸಲ ಮಾಡಿ. ಬಿಡುವಾಗ ಮೊಣಕಾಲಿನ ಎತ್ತರ ಸರಿ ಇದೆಯೋ ಎಂದು ಮಾರ್ಕರ್ ನೋಡಲಿ. ಕುರಿ ಕಾಯುವವರು ಅತ್ತ ಬಂದರೆ ಕ್ಲಬ್ ಕೆಳಗಿಡಿ. ಅವರಿಗೆ "ಫೋರ್" ಅರ್ಥವಾಗುವುದಿಲ್ಲ, "ಹುಷಾರ್ ರೀ, ಚೆಂಡು!" ಎಂದೇ ಕೂಗಿ.

ಹೊಲ ಬಿಡುವಾಗ ಚೆಂಡು ಎಣಿಸಿ, ಟೀ ಆರಿಸಿ, ಕಡ್ಡಿ ಕೀಳಿ. ಮುಂಗಾರಿಗೆ ಮುಂಚೆ ಹೊಲ ಹರಗಲು ಬರುತ್ತಾರೆ. ಅದಕ್ಕೂ ಮೊದಲು ಪೈಪ್ ತೆಗೆದು, ಕುಳಿಗೆ ಅದೇ ಎರಿ ಮಣ್ಣು ತುಂಬಿ ತುಳಿದು ಸಮ ಮಾಡಿ ಬನ್ನಿ.